ಲೇಸ್, ಫೆಲ್ಟ್, ಇಲ್ಲವೇ ತುಂಬಿದ ಬಟ್ಟೆ: ಮೆಷಿನ್ ಕಸೂತಿಯ ಕ್ರಿಸ್‌ಮಸ್ ಆರ್ನಮೆಂಟ್‌ಗೆ ಯಾವ ವಿಧಾನ ಆರಿಸಬೇಕು?

ಮನೆಯಲ್ಲಿ ಎಂಬ್ರಾಯ್ಡರಿ ಮೆಷಿನ್ ಇದ್ದವರು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಆರ್ನಮೆಂಟ್ ಮಾಡಲು ಹೊರಟರೆ ಮೊದಲು ಹುಡುಕುವುದು ಡಿಸೈನನ್ನು. ಹಿಮದ ಹರಳು, ಗಂಟೆ, ನಕ್ಷತ್ರ, ಹಿಮಸಾರಂಗ ಹೀಗೆ ಸಾವಿರಾರು ಸಿಗುತ್ತವೆ. ಕೆಲಸ ಕೆಡುವುದು ಮಾತ್ರ ಡಿಸೈನಿನಿಂದಲ್ಲ, ಅದರ ಕೆಳಗಿರುವ ತಳದಿಂದ. ಯಾವ ಬಟ್ಟೆ, ಯಾವ ಬ್ಯಾಕಿಂಗ್ (ಹೊಲಿಗೆಗೆ ಆಧಾರವಾಗಿ ಅಡಿಗೆ ಹಾಕುವ ಹಾಳೆ), ಎಷ್ಟು ಪದರ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆಂದೇ ಮಾಡಿದ ಡಿಸೈನ್ ಹುಡುಕಿ. ಫೆಲ್ಟ್‌ಗಾಗಿ (ಎಳೆಗಳನ್ನು ಒತ್ತಿ ಮಾಡಿದ, ನೇಯದ ಬಟ್ಟೆಗಾಗಿ) ಮಾಡಿದ ಫೈಲನ್ನು ಲೇಸ್ ಆಗಿ ಹೊಲಿಯಲು ಬರುವುದಿಲ್ಲ. ಲೇಸ್ ಫೈಲನ್ನು ಫೆಲ್ಟ್ ಮೇಲೆ ಹೊಲಿದರೆ ದಾರ ದಂಡ.

ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಬಟ್ಟೆಯೇ ಇಲ್ಲದೆ ನೀರಲ್ಲಿ ಕರಗುವ ಬ್ಯಾಕಿಂಗ್ ಮೇಲೆ ಹೊಲಿಯುವ ಬಿಡಿ ಲೇಸ್. ಎರಡು, ಎರಡು ಫೆಲ್ಟ್ ತುಂಡುಗಳ ನಡುವೆ ರಿಬ್ಬನ್ ಸಿಕ್ಕಿಸಿ ಹೂಪ್‌ನಲ್ಲೇ (ಬಟ್ಟೆ ಬಿಗಿದು ಹಿಡಿಯುವ ಚೌಕಟ್ಟಿನಲ್ಲೇ) ಪೂರ್ತಿ ಮುಗಿಸುವುದು. ಮೂರು, ಹತ್ತಿ, ರೇಷ್ಮೆ ಅಥವಾ ವೆಲ್ವೆಟ್ ಬಟ್ಟೆಯನ್ನು ಹೊಲಿದು, ತಿರುಗಿಸಿ, ಒಳಗೆ ಫೈಬರ್ ತುಂಬುವುದು. ತೆಳುವಾದ, ಪಾರದರ್ಶಕ ಬಟ್ಟೆ ಆರ್ಗನ್ಜಾದ ನಾಲ್ಕನೇ ದಾರಿಯೂ ಇದೆ, ಅದರ ಬಗ್ಗೆ ಮುಂದೆ.

ಅವಸರ ಇರುವವರಿಗೆ ನಮ್ಮ ಸಲಹೆ ಹೀಗೆ: ಮೊದಲ ಸಲ ಮಾಡುತ್ತಿದ್ದರೆ ಫೆಲ್ಟ್. ಹತ್ತಾರು ಜನರಿಗೆ ಕೊಡಬೇಕಿದ್ದರೂ ಫೆಲ್ಟೇ. ಮರದ ಮೇಲೆ ದೀಪದ ಬೆಳಕು ಹಾದುಹೋಗುವಂತೆ, ಹಗುರವಾಗಿ, ವರ್ಷಗಟ್ಟಲೆ ಇಟ್ಟುಕೊಳ್ಳುವಂಥದ್ದು ಬೇಕಿದ್ದರೆ ಲೇಸ್. ಮಕ್ಕಳ ಕೈಗೆ ಸಿಗುವ ಕೊಂಬೆಗಳಿಗೆ, ಅಥವಾ ಮಗುವಿನ ಹೆಸರು ಮತ್ತು ವರ್ಷ ಹಾಕಿ ಕೊಡುವ ಉಡುಗೊರೆಗೆ ತುಂಬಿದ ಬಟ್ಟೆ.

ಮೆಷಿನ್ ಮತ್ತು ಹೂಪ್

ಸಣ್ಣ ಮೆಷಿನ್‌ಗಳ 100 × 100 ಮಿ.ಮೀ. ಹೂಪ್ ಈ ಕೆಲಸಕ್ಕೆ ಧಾರಾಳ ಸಾಕು. ಮರಕ್ಕೆ ಹಾಕುವ ಆರ್ನಮೆಂಟ್ 75ರಿಂದ 90 ಮಿ.ಮೀ. ಇದ್ದರೆ ಅಂದ, ಅದಕ್ಕಿಂತ ದೊಡ್ಡದಾದರೆ ಕೊಂಬೆ ಬಾಗುತ್ತದೆ. 130 × 180ರ ಹೂಪ್‌ನಲ್ಲಿ 85 ಮಿ.ಮೀ.ಯ ಎರಡು ಕೂರುತ್ತವೆ, 200 × 280ರಲ್ಲಿ ಆರು. ಫೆಲ್ಟ್‌ಗೆ ಈ ಲೆಕ್ಕ ನಿಜಕ್ಕೂ ಸಮಯ ಉಳಿಸುತ್ತದೆ. ಲೇಸ್‌ಗೆ ಮಾತ್ರ ಒಂದೇ ಹೂಪ್‌ನಲ್ಲಿ ಆರು ಹೊಲಿಯುವುದನ್ನು ನಾವು ಒಪ್ಪುವುದಿಲ್ಲ. ಒಂದೊಂದು ಹಿಮದ ಹರಳೂ ಬ್ಯಾಕಿಂಗನ್ನು ತನ್ನ ಕಡೆಗೆ ಎಳೆಯುತ್ತದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ತಳ ಸಡಿಲಾಗಿ ಗೆರೆಗಳು ಒಂದರ ಮೇಲೊಂದು ಕೂರುವುದನ್ನು ಬಿಡುತ್ತವೆ.

ಫೈಲ್ ಕೊಳ್ಳುವಾಗ ನಿಮ್ಮ ಮೆಷಿನ್ ಓದುವ ರೂಪ ನೋಡಿ: ಬ್ರದರ್‌ಗೆ ಪಿಇಎಸ್, ಜನೋಮ್ ಮತ್ತು ಉಷಾ ಜನೋಮ್‌ಗೆ ಜೆಇಎಫ್, ಹಸ್ಕ್‌ವರ್ನಾ ಮತ್ತು ಫಾಫ್‌ಗೆ ವಿಪಿ3. ಊರಿನ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ ಹೊಲಿಸುವುದಾದರೆ ಡಿಎಸ್‌ಟಿ ಕೊಡಿ. ಡಿಎಸ್‌ಟಿ ಫೈಲಿನಲ್ಲಿ ಬಣ್ಣದ ವಿವರ ಇರುವುದಿಲ್ಲ, ಎಲ್ಲಿ ಬಣ್ಣ ಬದಲಿಸಬೇಕು ಎಂಬ ನಿಲುಗಡೆ ಮಾತ್ರ ಇರುತ್ತದೆ. ಹಾಗಾಗಿ ಯಾವ ನಿಲುಗಡೆಗೆ ಯಾವ ಬಣ್ಣ ಎಂದು ಬರೆದ ಚೀಟಿ ಜೊತೆಗಿರಬೇಕು.

ಡಿಸೈನನ್ನು ಮೆಷಿನ್ ಪರದೆಯಲ್ಲೇ ಹಿಗ್ಗಿಸುವುದು, ಕುಗ್ಗಿಸುವುದು ಫೆಲ್ಟ್‌ನಲ್ಲಿ ಶೇ. 10ರವರೆಗೆ ನಡೆಯುತ್ತದೆ. ಲೇಸ್‌ನಲ್ಲಿ ಮಾಡಲೇಬೇಡಿ. ಅನೇಕ ಮೆಷಿನ್‌ಗಳು ಹೊಲಿಗೆಯ ಸಂಖ್ಯೆ ಬದಲಿಸದೆ ಅಳತೆ ಮಾತ್ರ ಬದಲಿಸುತ್ತವೆ. ಕುಗ್ಗಿಸಿದರೆ ಸೂಜಿ ಒಂದೇ ಕಡೆ ಚುಚ್ಚಿ ಬ್ಯಾಕಿಂಗ್ ಹರಿಯುತ್ತದೆ, ಹಿಗ್ಗಿಸಿದರೆ ಜಾಲ ಸಡಿಲಾಗಿ ತೊಳೆದಾಗ ಬಿಚ್ಚಿಕೊಳ್ಳುತ್ತದೆ.

ಬಿಡಿ ಲೇಸ್

ಈ ಮೂರರಲ್ಲಿ ಅತಿ ಸುಂದರವಾದದ್ದು ಇದು, ಅತಿ ಹೆಚ್ಚು ಕೆಡುವುದೂ ಇದೇ. ತಂತ್ರ ಹಳೆಯದು. ಐಸಾಕ್ ಗ್ರ್ಯೋಬ್ಲಿ 1863ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶಿಫ್ಲಿ ಕಸೂತಿ ಯಂತ್ರ ಮಾಡಿದ. ಅದರ ಬೆನ್ನಿಗೆ, 1880ರ ದಶಕದಲ್ಲಿ, ಬಟ್ಟೆಯ ಮೇಲೆ ಕಸೂತಿ ಹಾಕಿ ಆಮೇಲೆ ಆ ಬಟ್ಟೆಯನ್ನೇ ರಾಸಾಯನಿಕದಿಂದ ಕರಗಿಸಿ ಲೇಸ್ ಮಾತ್ರ ಉಳಿಸುವ ಪದ್ಧತಿ ಬಂತು. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಮತ್ತು ಜರ್ಮನಿಯ ಸ್ಯಾಕ್ಸನಿಯ ಪ್ಲಾವೆನ್ ಇದರ ದೊಡ್ಡ ಕೇಂದ್ರಗಳಾದವು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ಲಾವೆನ್ ಲೇಸ್‌ಗೆ ಅತ್ಯುನ್ನತ ಬಹುಮಾನವಾದ ಗ್ರಾಂಡ್ ಪ್ರಿ ದೊರೆಯಿತು. ಜರ್ಮನಿಯಲ್ಲಿ ಕ್ರಿಸ್‌ಮಸ್ ಮರಕ್ಕೂ ಕಿಟಕಿಗೂ ಇಂದಿಗೂ ತೂಗುಹಾಕುವ ಪ್ಲಾವೆನ್ ಲೇಸಿನ ನಕ್ಷತ್ರ, ಗಂಟೆಗಳು ಈ ಪರಂಪರೆಯವೇ. ಇಂದು ನಮ್ಮ ಮನೆಯ ಮೆಷಿನ್‌ನಲ್ಲಿ ರಾಸಾಯನಿಕದ ಜಾಗಕ್ಕೆ ಬರಿಯ ನೀರು ಬಂದಿದೆ.

ಬೇಕಾದದ್ದು: ನೀರಲ್ಲಿ ಕರಗುವ ಬಟ್ಟೆಯಂಥ ಬ್ಯಾಕಿಂಗ್ ಎರಡು ಪದರ, 40 ನಂಬರಿನ ಪಾಲಿಯೆಸ್ಟರ್ ಕಸೂತಿ ದಾರ, ಅದೇ ದಾರ ಸುತ್ತಿದ ಬಾಬಿನ್ (ಕೆಳದಾರದ ಸುರುಳಿ), ಹೊಸ 75/11 ಎಂಬ್ರಾಯ್ಡರಿ ಸೂಜಿ.

ಕರಗುವ ಬ್ಯಾಕಿಂಗ್ ಎರಡು ಬಗೆ. ಒಂದು ನೋಡಲು ತೆಳು ನಾನ್-ವೋವನ್ ಬಟ್ಟೆಯಂತಿದ್ದು ಎಳೆಗಳು ಕಾಣುತ್ತವೆ. ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಂತಿರುತ್ತದೆ. ಲೇಸ್‌ಗೆ ಮೊದಲನೆಯದೇ ಬೇಕು. ತೆಳು ಫಿಲ್ಮ್ ಇರುವುದು ವೆಲ್ವೆಟ್, ಟವೆಲ್‌ಗಳ ಮೇಲೆ ಹಾಸಿ ಹೊಲಿಗೆ ಒಳಗೆ ಮುಳುಗದಂತೆ ತಡೆಯಲು. ಅದರ ಮೇಲೆ ಲೇಸ್ ಹೊಲಿದರೆ ಸೂಜಿಯ ತೂತುಗಳು ಸಾಲಾಗಿ ಸೇರಿ ಅಂಚೆಚೀಟಿಯ ಅಂಚಿನಂತೆ ಹರಿಯುತ್ತದೆ. ದಪ್ಪ ಫಿಲ್ಮ್‌ನಲ್ಲಿ ಲೇಸ್ ಬರುತ್ತದೆ ನಿಜ, ಆದರೆ ಅದು ಹೂಪ್‌ನಲ್ಲಿ ಜಾರುತ್ತದೆ, ಹೊಸಬರಿಗೆ ಕಷ್ಟ.

ಡಿಸೈನ್ ನಿಜವಾಗಿಯೂ ಬಿಡಿ ಲೇಸಿನದೇ ಎಂದು ಖಚಿತ ಮಾಡಿಕೊಳ್ಳಲು ಪರದೆಯಲ್ಲಿ ಹೊಲಿಗೆಯ ಕ್ರಮ ಓಡಿಸಿ ನೋಡಿ. ಮೊದಲು ಸಣ್ಣ ಚೌಕಗಳ ಜಾಲ, ಅಥವಾ ಹೋಗಿ ಬಂದು ಒಂದರ ಮೇಲೊಂದು ದಾಟುವ ತೆಳು ಗೆರೆಗಳು ಬೀಳಬೇಕು. ಆಮೇಲೆ ಸ್ಯಾಟಿನ್ ಹೊಲಿಗೆ (ಒತ್ತಾಗಿ ಪಕ್ಕಪಕ್ಕ ಬೀಳುವ ಪಟ್ಟಿ ಹೊಲಿಗೆ) ಆ ಗೆರೆಗಳನ್ನು ಸುತ್ತಿಕೊಳ್ಳಬೇಕು. ಎರಡು ಸ್ಯಾಟಿನ್ ಪಟ್ಟಿಗಳು ಬರೀ ಪಕ್ಕಪಕ್ಕ ಮುಟ್ಟಿಕೊಂಡಿದ್ದು, ಒಂದನ್ನೊಂದು ದಾಟದಿದ್ದರೆ ಬ್ಯಾಕಿಂಗ್ ಕರಗಿದ ಕೂಡಲೇ ಅವು ಬೇರೆಯಾಗುತ್ತವೆ. ಸೀರೆಗೆ, ರವಿಕೆಗೆ ಪಂಚಿಂಗ್ ಮಾಡಿದ (ಕಂಪ್ಯೂಟರ್‌ನಲ್ಲಿ ಹೊಲಿಗೆ ಫೈಲಾಗಿ ರೂಪಿಸಿದ) ಸಾಮಾನ್ಯ ಡಿಸೈನುಗಳಿಗೆ ಈ ಜಾಲ ಇರುವುದಿಲ್ಲ.

ಹೂಪ್‌ಗೆ ಎರಡೂ ಪದರ ಒಟ್ಟಿಗೆ ಹಾಕಿ ಸ್ಕ್ರೂ ಅರ್ಧ ಬಿಗಿ ಮಾಡಿ, ನಾಲ್ಕೂ ಕಡೆ ಸಮನಾಗಿ ಎಳೆದು, ಆಮೇಲೆ ಪೂರ್ತಿ ಬಿಗಿ ಮಾಡಿ. ಬೆರಳಿಂದ ತಟ್ಟಿದರೆ ಸದ್ದು ಬರಬೇಕು. ಪೂರ್ತಿ ಬಿಗಿಯಾದ ಮೇಲೆ ಎಳೆಯಬೇಡಿ. ಎಳೆದ ದಿಕ್ಕಿಗೆ ಹಿಗ್ಗಿದ ಬ್ಯಾಕಿಂಗ್ ಹೊಲಿಯುತ್ತ ಮರಳಿ ಕುಗ್ಗಿ, ದುಂಡಗಿನ ಹರಳು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ವೇಗ ನಿಮಿಷಕ್ಕೆ 500 ಹೊಲಿಗೆಯ ಆಸುಪಾಸು ಇರಲಿ. 12,000 ಹೊಲಿಗೆಯ ಹರಳಿಗೆ ಆಗ 24 ನಿಮಿಷ, ಬಾಬಿನ್ ಬದಲಾವಣೆ ಬೇರೆ. ಲೇಸ್‌ನ ಎರಡೂ ಮುಖ ಕಾಣುವುದರಿಂದ ಬಾಬಿನ್‌ನಲ್ಲಿ ಸಾಮಾನ್ಯ ತೆಳು ಬಿಳಿ ದಾರ ಬದಲು ಮೇಲಿನ ದಾರವೇ ಬೇಕು. 40 ನಂಬರಿನ ದಾರ ಬಾಬಿನ್ ದಾರಕ್ಕಿಂತ ದಪ್ಪವಾದ್ದರಿಂದ ಬಾಬಿನ್ ಬೇಗ ಮುಗಿಯುತ್ತದೆ. ಪ್ರತಿ ಹರಳನ್ನೂ ತುಂಬಿದ ಬಾಬಿನ್‌ನಿಂದಲೇ ಶುರುಮಾಡಿ. ಮಧ್ಯದಲ್ಲಿ ಮುಗಿದರೆ ಸೇರಿಸಿದ ಗಂಟು ಲೇಸ್‌ನಲ್ಲಿ ಅಡಗಲು ಜಾಗವಿಲ್ಲ. ಎರಡೂ ಕಡೆ ಒಂದೇ ಬಣ್ಣವಾದ್ದರಿಂದ ದಾರದ ಬಿಗಿತ (ಟೆನ್ಷನ್) ಸ್ವಲ್ಪ ಹೆಚ್ಚುಕಡಿಮೆಯಾದರೂ ಕಾಣುವುದಿಲ್ಲ, ಅದೊಂದು ಅನುಕೂಲ.

ಹೊಲಿಯುವಾಗ ಅಂಚಿನ ಗೆರೆ ಜಾಲದಿಂದ ಹೊರಗೆ ಬೀಳಲು ಶುರುವಾದರೆ ತಕ್ಷಣ ನಿಲ್ಲಿಸಿ. ಬ್ಯಾಕಿಂಗ್ ಹರಿದಿದೆ ಅಥವಾ ಸಡಿಲಾಗಿದೆ ಎಂದರ್ಥ. ಹೂಪ್ ಬಿಚ್ಚಬೇಡಿ. ಅದರ ಅಡಿಗೆ ಇನ್ನೊಂದು ತುಂಡು ಕರಗುವ ಬ್ಯಾಕಿಂಗ್ ಜಾರಿಸಿ, ಕೆಲವು ಹೊಲಿಗೆ ಹಿಂದಕ್ಕೆ ಹೋಗಿ ಮುಂದುವರಿಸಿ. ಇದೇ ತೊಂದರೆ ಪ್ರತಿ ಸಲ ಬಂದರೆ ಕಾರಣ ಬಹುತೇಕ ಮೂರರಲ್ಲೊಂದು: ಮೊಂಡಾದ ಸೂಜಿ, ಒಂದೇ ಪದರ, ಇಲ್ಲವೇ ಕುಗ್ಗಿಸಿದ ಡಿಸೈನ್.

ಮುಗಿದ ಮೇಲೆ ಸುತ್ತ 5 ಮಿ.ಮೀ. ಬಿಟ್ಟು ಬ್ಯಾಕಿಂಗ್ ಕತ್ತರಿಸಿ. ತೊಳೆಯುವ ಮುಂಚೆಯೇ ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿದ ದಾರದ ಎಳೆಗಳನ್ನೆಲ್ಲ ತೆಗೆಯಿರಿ. ಒದ್ದೆಯಾದ ಮೇಲೆ ಅವು ಸ್ಯಾಟಿನ್‌ಗೆ ಅಂಟಿಕೊಂಡು ಕೈಗೆ ಸಿಗುವುದಿಲ್ಲ. ಆಮೇಲೆ ಉಗುರುಬೆಚ್ಚನೆಯ ನೀರಲ್ಲಿ ಅದ್ದಿ ಮೆಲ್ಲಗೆ ಆಡಿಸಿ. ಇಲ್ಲಿ ಕೈಯ ಅಂದಾಜು ಬೇಕಾಗುತ್ತದೆ. ಪೂರ್ತಿ ತೊಳೆದರೆ ಲೇಸ್ ಮೆತ್ತಗಾಗಿ ಮರದ ಮೇಲೆ ಮುದುಡಿ ನೇತಾಡುತ್ತದೆ. ಕಣ್ಣಿಗೆ ಕಾಣುವ ಬ್ಯಾಕಿಂಗ್ ಹೋಗಿ, ಮುಟ್ಟಿದರೆ ಇನ್ನೂ ಸ್ವಲ್ಪ ಲೋಳೆಲೋಳೆ ಎನ್ನಿಸುವಾಗ ತೆಗೆಯಿರಿ. ಆ ಉಳಿದ ಅಂಟೇ ಒಣಗಿ ಗಂಜಿಯ ಕೆಲಸ ಮಾಡುತ್ತದೆ. ಹೆಚ್ಚು ತೊಳೆದುಹೋದರೆ, ಕತ್ತರಿಸಿದ ಬ್ಯಾಕಿಂಗ್ ಚೂರುಗಳನ್ನು ಸ್ವಲ್ಪ ನೀರಲ್ಲಿ ಕರಗಿಸಿ ಆ ನೀರಲ್ಲಿ ಲೇಸ್ ಅದ್ದಿ ಒಣಗಿಸಿ. ಇದಕ್ಕಾಗಿಯೇ ಚೂರುಗಳನ್ನು ಎಸೆಯದೆ ಡಬ್ಬಿಯಲ್ಲಿಡಿ.

ಒಣಗಿಸುವಾಗ ದಪ್ಪ ಥರ್ಮೊಕೋಲ್ ಮೇಲೆ ಟವೆಲ್ ಹಾಸಿ ತುದಿಗಳಿಗೆ ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ. ಕೆಂಪು ಮತ್ತು ಬಿಳಿಯನ್ನು ಒಂದೇ ನೀರಲ್ಲಿ ಅದ್ದಬೇಡಿ. ಬೋರ್‌ವೆಲ್‌ನ ಗಡಸು ನೀರು ಗಾಢ ಬಣ್ಣದ ದಾರದ ಮೇಲೆ ಬೆಳ್ಳಗೆ ಕಲೆ ಬಿಡಬಹುದು, ಅಂಥ ಊರುಗಳಲ್ಲಿ ಫಿಲ್ಟರ್ ನೀರು ಬಳಸಿ.

ಹವೆಯ ಮಾತು ಮರೆಯಬಾರದು. ಮಂಗಳೂರು, ಉಡುಪಿಯ ಕಡೆ ಗಾಳಿಯ ತೇವಕ್ಕೆ ಕರಗುವ ಬ್ಯಾಕಿಂಗ್ ಮೆತ್ತಗಾಗುತ್ತದೆ, ಹೂಪ್‌ನಲ್ಲೇ ಸಡಿಲಾಗುತ್ತದೆ. ಲೇಸ್‌ನಲ್ಲಿ ಉಳಿಸಿದ ಅಂಟೂ ಮಳೆಗಾಲದಲ್ಲಿ ತೇವ ಹೀರಿ ಬಾಗುತ್ತದೆ. ಅಮೆರಿಕ, ಕೆನಡಾದಲ್ಲಿ ಚಳಿಗಾಲದ ಹೀಟರ್ ಹಾಕಿದ ಮನೆಗಳಲ್ಲಿ ಇದರ ಉಲ್ಟಾ: ಬ್ಯಾಕಿಂಗ್ ಒಣಗಿ ಗರಿಗರಿಯಾಗಿ ಸೂಜಿ ತಗುಲಿದರೆ ಬಿರಿಯುತ್ತದೆ. ಎರಡೂ ಕಡೆ ಪರಿಹಾರ ಒಂದೇ, ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಇಟ್ಟು ಬೇಕಾದಾಗ ಮಾತ್ರ ಹೊರತೆಗೆಯುವುದು.

ಫೆಲ್ಟ್

ಫೆಲ್ಟ್‌ನ ಅಂಚು ಬಿಚ್ಚುವುದಿಲ್ಲ, ಮಡಚಬೇಕಿಲ್ಲ, ತಿರುಗಿಸಬೇಕಿಲ್ಲ. 3,500 ಹೊಲಿಗೆಯ, ಗಂಟೆಯಾಕಾರದ ಒಂದು ಆರ್ನಮೆಂಟ್ ನಿಮಿಷಕ್ಕೆ 700ರ ವೇಗದಲ್ಲಿ ಐದು ನಿಮಿಷಕ್ಕೆ ಮುಗಿಯುತ್ತದೆ. ಬಣ್ಣ ಬದಲಿಸಿ, ಹಿಂಬದಿ ಅಂಟಿಸಿ, ಕತ್ತರಿಸುವುದೆಲ್ಲ ಸೇರಿ ಕಾಲು ಗಂಟೆ. ಲೇಸ್‌ಗೆ ಹೋಲಿಸಿದರೆ ಒಣಗುವ ಕಾಯುವಿಕೆಯೂ ಇಲ್ಲ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಎ4 ಅಳತೆಯ 1 ಮಿ.ಮೀ. ಪಾಲಿಯೆಸ್ಟರ್ ಫೆಲ್ಟ್ ಸಾಕು. ಉಣ್ಣೆ ಬೆರೆತ ಫೆಲ್ಟ್ ಸಿಕ್ಕರೆ ಹೊಲಿಗೆ ಇನ್ನೂ ಚೆನ್ನಾಗಿ ಕೂರುತ್ತದೆ, ಅಂಚಿನಲ್ಲಿ ಜುಂಗು ಏಳುವುದೂ ಕಡಿಮೆ. 3 ಮಿ.ಮೀ. ಫೆಲ್ಟ್ ಬೇಡ; ಎರಡು ಪದರ ಸೇರಿ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹೂಪ್‌ಗೆ ಫೆಲ್ಟ್ ಹಾಕುವುದಿಲ್ಲ, ಹರಿದು ತೆಗೆಯುವ ಬ್ಯಾಕಿಂಗ್ ಪೇಪರ್ ಮಾತ್ರ ಹಾಕುತ್ತೇವೆ. ಮೆಷಿನ್ ಮೊದಲು ಅದರ ಮೇಲೆ ಜಾಗ ತೋರಿಸುವ ಗೆರೆ ಹೊಲಿಯುತ್ತದೆ. ಆ ಗೆರೆಗಿಂತ ಎಲ್ಲ ಕಡೆ ಒಂದೂವರೆ ಸೆ.ಮೀ. ದೊಡ್ಡದಾಗಿ ಕತ್ತರಿಸಿದ ಮುಂಬದಿಯ ಫೆಲ್ಟ್ ಇಡಿ, ಹಿಡಿದಿಡುವ ಗೆರೆ ಬೀಳಲಿ, ನಂತರ ಚಿತ್ರ ಹೊಲಿಯಲಿ. ಕೊನೆಯ ಹೊರಗೆರೆಗೆ ಮುಂಚೆ ಮೆಷಿನ್ ನಿಲ್ಲುತ್ತದೆ. ಆಗ ಹೂಪನ್ನು ಮೆಷಿನ್‌ನಿಂದ ಬಿಡಿಸಿ, ಬ್ಯಾಕಿಂಗನ್ನು ಹೂಪ್‌ನಿಂದ ಬಿಡಿಸದೆ, ತಿರುವಿಹಾಕಿ. 15 ಸೆ.ಮೀ. ಉದ್ದದ ತೆಳು ರಿಬ್ಬನ್ ಮಡಚಿ, ಅದರ ತುದಿಗಳು ಗೆರೆಯಿಂದ 1 ಸೆ.ಮೀ. ಒಳಗೆ ಬರುವಂತೆ, ಕುಣಿಕೆ ಹೊರಗೆ ಇರುವಂತೆ ಟೇಪ್‌ನಿಂದ ಅಂಟಿಸಿ. ಅದರ ಮೇಲೆ ಹಿಂಬದಿಯ ಫೆಲ್ಟ್ ಇಟ್ಟು ನಾಲ್ಕು ಮೂಲೆಗೂ ಟೇಪ್ ಹಾಕಿ. ಈ ಟೇಪ್ ಬಗ್ಗೆ ಜಿಪುಣತನ ಬೇಡ. ಹೂಪ್ ಮತ್ತೆ ಮೆಷಿನ್‌ಗೆ ಸೇರಿಸುವಾಗ ಅಡಿಯ ಫೆಲ್ಟ್ ಒಂದು ಮೂಲೆಯಲ್ಲಿ ಮಡಚಿಕೊಳ್ಳುವುದೇ ಈ ವಿಧಾನದಲ್ಲಿ ಅತಿ ಸಾಮಾನ್ಯ ತಪ್ಪು, ಕೊನೆಯ ಹೊಲಿಗೆ ಮುಗಿಯುವ ತನಕ ಅದು ಕಾಣುವುದೂ ಇಲ್ಲ. ಟೇಪ್ ಮಾತ್ರ ಹೊಲಿಗೆಯ ದಾರಿಯಲ್ಲಿರಬಾರದು, ಸೂಜಿಗೆ ಅಂಟು ಹತ್ತಿ ದಾರ ತುಂಡಾಗುತ್ತದೆ.

ಕೊನೆಯ ಗೆರೆಗೆ ಬಾಬಿನ್ ಬದಲಿಸಿ ಹಿಂಬದಿಯ ಫೆಲ್ಟ್ ಬಣ್ಣದ ದಾರ ಹಾಕಿ. ಅಲ್ಲಿಯವರೆಗಿನ ಬಾಬಿನ್ ದಾರ ಒಳಗೆ ಮುಚ್ಚಿಹೋಗುತ್ತದೆ, ಇದೊಂದೇ ಹೊರಗೆ ಕಾಣುವುದು. ಮೂರು ಸಲ ಹೋಗಿ ಬರುವ ಬೀನ್ ಹೊಲಿಗೆಯ ಹೊರಗೆರೆ ಸ್ಯಾಟಿನ್‌ಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ: ಕತ್ತರಿ ಮಿಲಿಮೀಟರ್ ಆಚೀಚೆಯಾದರೂ ಕೆಡುವುದಿಲ್ಲ, ದಾರವೂ ಉಳಿಯುತ್ತದೆ. ಗೆರೆಯಿಂದ 3 ಮಿ.ಮೀ. ಬಿಟ್ಟು ಚೂಪಾದ ಕತ್ತರಿಯಿಂದ, ಕತ್ತರಿ ಸ್ಥಿರವಾಗಿಟ್ಟು ಫೆಲ್ಟನ್ನು ತಿರುಗಿಸುತ್ತ ಕತ್ತರಿಸಿ. ರಿಬ್ಬನ್ ಬುಡದಲ್ಲಿ ನಿಧಾನ.

ಫೆಲ್ಟ್‌ನ ಮಿತಿ ಒಂದೇ, ಅದು ಒತ್ತಾದ ಹೊಲಿಗೆಯನ್ನು ತಾಳುವುದಿಲ್ಲ. ಇಡೀ ಮೈ ತುಂಬಿದ ಡಿಸೈನ್ ಹಾಕಿದರೆ ತುಂಡು ಬಟ್ಟಲಿನಂತೆ ಬಾಗುತ್ತದೆ. ಗೆರೆಚಿತ್ರ, ಸಣ್ಣ ಸ್ಯಾಟಿನ್, ಆಪ್ಲಿಕ್ (ಮೇಲೆ ಇಟ್ಟು ಹೊಲಿಯುವ ಬಟ್ಟೆ ತುಂಡು) ಇರುವ, ಸುಮಾರು 6,000 ಹೊಲಿಗೆಯೊಳಗಿನವನ್ನೇ ಆರಿಸಿ. ಸುಕ್ಕು ತೆಗೆಯಲು ಬಿಸಿ ಇಸ್ತ್ರಿ ನೇರ ಇಟ್ಟರೆ ಪಾಲಿಯೆಸ್ಟರ್ ಫೆಲ್ಟ್ ಕರಗಿ ಹೊಳಪು ಕಲೆಯಾಗುತ್ತದೆ, ಹತ್ತಿ ಬಟ್ಟೆ ಹಾಸಿ ಕಡಿಮೆ ಶಾಖದಲ್ಲಿ ಒತ್ತಿ.

ತುಂಬಿದ ಬಟ್ಟೆ

ರವಿಕೆ ಹೊಲಿದು ಉಳಿದ ರೇಷ್ಮೆ, ಹಳೆ ವೆಲ್ವೆಟ್, ಕೈಮಗ್ಗದ ಹತ್ತಿ ತುಂಡುಗಳಿಗೆ ಇದು ಒಳ್ಳೆಯ ದಾರಿ. ಅಕ್ಷರಗಳಿಗೂ ಇದೇ ಸರಿ; ಹೆಸರು, ವರ್ಷ ಹತ್ತಿ ಬಟ್ಟೆಯ ಮೇಲೆ ಕೂತಷ್ಟು ಸ್ಪಷ್ಟವಾಗಿ ಫೆಲ್ಟ್ ಮೇಲೆ ಕೂರುವುದಿಲ್ಲ. ಕನ್ನಡ ಅಕ್ಷರವಾದರೆ ಒತ್ತಕ್ಷರ ಸೇರಿಸದೆ ಮುಖ್ಯ ಅಕ್ಷರದ ಎತ್ತರ ಕನಿಷ್ಠ 10 ಮಿ.ಮೀ. ಇಡಿ. ಅದಕ್ಕಿಂತ ಸಣ್ಣದಾದರೆ ತಲೆಕಟ್ಟು, ಕೊಂಬುಗಳ ಒಳಗಿನ ಸಂದು ದಾರದಿಂದ ಮುಚ್ಚಿ ಓದಲು ಬರುವುದಿಲ್ಲ.

ತೆಳು ಬಟ್ಟೆಗೆ ಮೊದಲು ಹಿಂಬದಿಗೆ ಫ್ಯೂಸಿಂಗ್ (ಬಿಸಿಗೆ ಅಂಟುವ ಪದರ) ಇಸ್ತ್ರಿ ಮಾಡಿ, ಹೂಪ್‌ನಲ್ಲಿ ಸುತ್ತಲಿನ ಹೆಚ್ಚುವರಿಯನ್ನಷ್ಟೇ ಕತ್ತರಿಸಿ ತೆಗೆಯುವ ಮೆಶ್ (ಜಾಲರಿ) ಬ್ಯಾಕಿಂಗ್ ಹಾಕಿ. ಹರಿದು ತೆಗೆಯುವ ಪೇಪರ್ ಇಲ್ಲಿ ಬೇಡ. ತಿರುಗಿಸುವಾಗ, ತುಂಬುವಾಗ ಹೊಲಿಗೆಯ ಮೇಲೆ ಬೀಳುವ ಎಳೆತ ತಡೆಯಲು ಒಳಗೆ ಶಾಶ್ವತವಾಗಿ ಏನಾದರೂ ಉಳಿಯಬೇಕು. ವೆಲ್ವೆಟನ್ನು ಹೂಪ್ ನಡುವೆ ಸಿಕ್ಕಿಸಬೇಡಿ, ಆ ಒತ್ತಿನ ಗುರುತು ಸುಲಭವಾಗಿ ಹೋಗುವುದಿಲ್ಲ. ಬ್ಯಾಕಿಂಗ್ ಮೇಲೆ ಅಂಟಿಸಿ ಮೇಲೆ ಕರಗುವ ತೆಳು ಫಿಲ್ಮ್ ಹಾಸಿ. ರೇಷ್ಮೆಯಲ್ಲಿ ಸೂಜಿ ಚುಚ್ಚಿದ ತೂತು ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿಯುವ ಅವಕಾಶವಿಲ್ಲ. ಹಾಗಾಗಿ ಮೊದಲು ಬೇರೆ ಬಟ್ಟೆಯಲ್ಲಿ ಒಂದು ಮಾದರಿ ತೆಗೆಯಿರಿ.

ಚಿತ್ರ ಮುಗಿದ ಮೇಲೆ ರಿಬ್ಬನ್ ಕುಣಿಕೆಯನ್ನು ಈ ಸಲ ಒಳಮುಖವಾಗಿ ಇಟ್ಟು, ಹಿಂಬದಿಯ ಬಟ್ಟೆಯನ್ನು ಮುಖಕ್ಕೆ ಮುಖ ಸೇರಿಸಿ ಹಾಸಿ, ಸುತ್ತ ಹೊಲಿಗೆ. ಕೆಳಗಡೆ, ನೇರ ಅಂಚಿನಲ್ಲಿ 4 ಸೆ.ಮೀ. ತೆರೆದಿರಬೇಕು. 6 ಮಿ.ಮೀ. ಬಿಟ್ಟು ಕತ್ತರಿಸಿ, ತೆರೆದ ಜಾಗದಲ್ಲಿ ಮಾತ್ರ 12 ಮಿ.ಮೀ. ಬಿಡಿ. ದುಂಡು ಅಂಚಿಗೆ ಸೆಂಟಿಮೀಟರ್‌ಗೊಂದು ಸಣ್ಣ ಕಚ್ಚು ಹಾಕಿ, ಇಲ್ಲದಿದ್ದರೆ ತಿರುಗಿಸಿದಾಗ ವೃತ್ತ ಮೂಲೆಮೂಲೆಯಾಗುತ್ತದೆ. ನಕ್ಷತ್ರದಂಥ ಚೂಪು ಆಕಾರ ಇದರಲ್ಲಿ ತರುವುದು ಕಷ್ಟ. ತುದಿಗಳು ಮೊಂಡಾಗುತ್ತವೆ, ಒಳಮೂಲೆ ಸುಕ್ಕಾಗುತ್ತದೆ. ದುಂಡು, ಹೃದಯ, ಕೈಗವಸು ಆಕಾರ ಆರಿಸಿ. ತುಂಬಲು ಪಾಲಿಯೆಸ್ಟರ್ ಫೈಬರ್ ಒಳ್ಳೆಯದು, ಹತ್ತಿ ತೇವ ಹೀರಿ ಗಂಟುಗಟ್ಟುತ್ತದೆ. ಕಡಲೆಕಾಳಿನಷ್ಟು ಸಣ್ಣ ಉಂಡೆಗಳಾಗಿ ಅಂಚಿನಿಂದ ಒಳಕ್ಕೆ ತುಂಬಿ, ಬಾಯಿ ಕೈಯಲ್ಲಿ ಹೊಲಿಯಿರಿ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಆರ್ಗನ್ಜಾ

ಎರಡು ಪದರ ಪಾಲಿಯೆಸ್ಟರ್ ಆರ್ಗನ್ಜಾವನ್ನೇ ಹೂಪ್‌ಗೆ ಬಿಗಿದು, ಸ್ಯಾಟಿನ್ ಅಂಚಿನ ಹರಳು ಹೊಲಿದು, ಸಣ್ಣ ಸೋಲ್ಡರಿಂಗ್ ಕಬ್ಬಿಣದ ತುದಿಯಿಂದ ಅಂಚು ಸುಟ್ಟು ಬಿಡಿಸುವುದು. ಲೇಸ್‌ನಷ್ಟೇ ಹಗುರ, ತೊಳೆಯುವ ಕೆಲಸವಿಲ್ಲ, ಬೆಳಕಿಗೆ ಹೊಳೆಯುತ್ತದೆ. ಕಿಟಕಿ ತೆರೆದು ಕೆಲಸ ಮಾಡಿ, ಹೊಗೆ ಕೆಟ್ಟದ್ದು. ರೇಷ್ಮೆ ಆರ್ಗನ್ಜಾ ಕರಗದೆ ಸುಟ್ಟು ಕರಕಲಾಗುತ್ತದೆ. ಸ್ಯಾಟಿನ್ ದಾರ ಪಾಲಿಯೆಸ್ಟರ್ ಆಗಿದ್ದರೆ ಬಿಸಿ ತಗುಲಿ ಅದೂ ಕರಗುತ್ತದೆ, ಈ ಅಂಚಿಗೆ ರೇಯಾನ್ ಅಥವಾ ಹತ್ತಿ ದಾರ ಹಾಕಿ.

ಜರಿ ದಾರ ಎಲ್ಲಿ, ಎಷ್ಟು

ಕ್ರಿಸ್‌ಮಸ್ ಎಂದರೆ ಹೊಳಪು ಬೇಕು ಎಂದು ಇಡೀ ಲೇಸ್ ಹರಳನ್ನು ಬೆಳ್ಳಿ ಜರಿಯಲ್ಲಿ ಹೊಲಿಯಲು ಮನಸ್ಸಾಗುತ್ತದೆ. ಜರಿ ಎಳೆ ಗಡಸು; ಬಿಗಿ ಜಾಲದಲ್ಲಿ ಉಜ್ಜಿ ಉಜ್ಜಿ ಸಿಪ್ಪೆ ಬಿಡುತ್ತದೆ, ತುಂಡಾಗುತ್ತದೆ. ಜಾಲವನ್ನು ಪಾಲಿಯೆಸ್ಟರ್‌ನಲ್ಲಿ ಹೊಲಿದು ಮೇಲಿನ ಕೊನೆಯ ತೆಳು ಗೆರೆಗೆ ಮಾತ್ರ ಜರಿ ಹಾಕಿದರೆ ಹೊಳಪೂ ಸಿಗುತ್ತದೆ, ಮೆಷಿನ್ನೂ ಓಡುತ್ತದೆ. 90/14ರ ಮೆಟಾಲಿಕ್ ಸೂಜಿ, ಕಡಿಮೆ ಮೇಲ್ ಟೆನ್ಷನ್, ನಿಮಿಷಕ್ಕೆ 400 ವೇಗ. ಚಪ್ಪಟೆ ಜರಿಯಾದರೆ ರೀಲನ್ನು ನೆಟ್ಟಗೆ ನಿಲ್ಲಿಸಿ, ತಿರುಗುತ್ತ ಬಿಚ್ಚಿಕೊಳ್ಳುವಂತಿರಲಿ. ಅಡ್ಡ ಮಲಗಿಸಿದ ರೀಲಿನ ತಲೆಯಿಂದ ಎಳೆದರೆ ದಾರ ಹುರಿಗಟ್ಟಿ ಸೂಜಿ ಕಣ್ಣಲ್ಲಿ ನಿಲ್ಲುತ್ತದೆ.

ತೂಗುವ ಕುಣಿಕೆಗೂ ಜರಿ ದಾರ ಕಟ್ಟಬೇಡಿ, ಕೊಂಬೆಗೆ ಉಜ್ಜಿ ಸವೆಯುತ್ತದೆ. ಲೇಸ್‌ಗೆ ತೆಳು ಸ್ಯಾಟಿನ್ ಹುರಿ ಅಥವಾ ಮೀನು ಹಿಡಿಯುವ ನೈಲಾನ್ ದಾರ ಸಾಕು. ಅದನ್ನು ಜಾಲದ ಒಂಟಿ ಎಳೆಗೆ ಕಟ್ಟದೆ, ಎರಡು ಸ್ಯಾಟಿನ್ ಪಟ್ಟಿ ಸೇರುವ ಕಡೆ ಕಟ್ಟಿ. ತುಂಬಿದ ಬಟ್ಟೆಗೆ 6 ಮಿ.ಮೀ. ರಿಬ್ಬನ್. ಹಬ್ಬ ಮುಗಿದು ಎತ್ತಿಡುವಾಗ ಲೇಸನ್ನು ಎರಡು ರಟ್ಟಿನ ನಡುವೆ ಬೆಣ್ಣೆ ಕಾಗದ ಹಾಸಿ ಚಪ್ಪಟೆಯಾಗಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಉಣ್ಣೆ ಬೆರೆತ ಫೆಲ್ಟ್ ಇದ್ದರೆ ಹುಳು ಬೀಳದಂತೆ ಅದರ ಡಬ್ಬಿಗೆ ಒಣ ಬೇವಿನೆಲೆಯನ್ನೂ ಹಾಕಿ.